ಯಾರೂ ಸೋಲದ ತರಗತಿ

ಕಪಿಲೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮವೆಂದರೆ ಹೆಂಚು ಹೊದಿಸಿದ ಒಂದು ಮನೆ, ಒಂದು ಚಾವಡಿ, ಅಡುಗೆಮನೆ, ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು. ಅಷ್ಟೆ.

ಅಲ್ಲಿ ಒಬ್ಬ ಗುರು ಇದ್ದರು. ಕೇಳಿ ಬಂದವರಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಕೇಳದೆ ಬಂದವರಿಗೆ ಊಟ ಹಾಕುತ್ತಿದ್ದರು. ಮಾತು ಕಡಿಮೆ.

ಅವರ ಶಿಷ್ಯ ನಂದೀಶ. ಚಿಕ್ಕವನಿದ್ದಾಗ ಅಲ್ಲೇ ಲೆಕ್ಕ ಕಲಿತವನು. ಈಗ ಮೈಸೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ವಾರವೆಲ್ಲ ಕಂಪನಿ, ಭಾನುವಾರ ಆಶ್ರಮದ ಚಾವಡಿಯಲ್ಲಿ ಕಂಪ್ಯೂಟರ್ ಪಾಠ. ಕಂಪನಿಯವರು ಬೇಡವೆಂದು ಮೂಲೆಗೆ ಹಾಕಿದ್ದ ಕಂಪ್ಯೂಟರುಗಳನ್ನು ಕೇಳಿ ಪಡೆದು ತಾನೇ ಹೊತ್ತು ತಂದಿದ್ದ.

ಸುತ್ತಲಿನ ಊರುಗಳ ಹುಡುಗ ಹುಡುಗಿಯರು ಬರುತ್ತಿದ್ದರು. ಹೆಚ್ಚಿನವರು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಯುವವರು. ಅವರಿಗೂ ಬಿಡುವು ಭಾನುವಾರವೊಂದೇ.

ಒಂದು ದಿನ ಪಾಠ ಮುಗಿಸಿ ನಂದೀಶ ಗುರುಗಳ ಬಳಿ ಬಂದು ಕೂತ. ಮುಖದಲ್ಲಿ ಗೆಲುವಿತ್ತು.

"ಏನಪ್ಪ, ಖುಷಿಯಾಗಿದ್ದೀಯ."

"ಇವತ್ತೂ ಎಲ್ಲರ ಪ್ರೋಗ್ರಾಮೂ ಓಡಿತು ಗುರುಗಳೇ. ಒಬ್ಬರದೂ ನಿಲ್ಲಲಿಲ್ಲ. ನನ್ನ ತರಗತಿಯಲ್ಲಿ ಈವರೆಗೆ ಯಾರೂ ಸೋತು ಮನೆಗೆ ಹೋಗಿಲ್ಲ."

"ಒಬ್ಬರೂ?"

"ಒಬ್ಬರೂ."

"ಪಾಪ," ಎಂದರು ಗುರುಗಳು.

ನಂದೀಶ ನಕ್ಕ. ಗುರುಗಳ ತಮಾಷೆ ಅವನಿಗೆ ಹೊಸದಲ್ಲ.

"ಕಂಪನಿಯಲ್ಲಿ ನಿನ್ನ ಕೆಲಸ ಏನು ಅಂದಿದ್ದೆ?"

"ಕೆಟ್ಟಿದ್ದನ್ನ ಸರಿ ಮಾಡೋದು. ಎಲ್ಲೋ ಒಂದು ಬ್ಯಾಂಕಿನದೋ ಆಸ್ಪತ್ರೆಯದೋ ಪ್ರೋಗ್ರಾಮು ನಿಂತುಹೋಗುತ್ತೆ. ನನಗೆ ಫೋನ್ ಬರುತ್ತೆ. ಸರಿ ಮಾಡ್ತೀನಿ."

"ಎಷ್ಟು ಬೇಗ?"

"ಯಾರಿಗೂ ಗೊತ್ತಾಗೋ ಮೊದಲು."

"ಕೆಡಿಸಿದವನಿಗೂ?"

"ಅವನಿಗೆ ವಿವರಿಸ್ತಾ ಕೂತರೆ ಹೊತ್ತಾಗಿಬಿಡುತ್ತೆ ಗುರುಗಳೇ. ಮೊದಲು ಓಡಿಸಬೇಕು, ಆಮೇಲೆ ಮಾತು. ಅಲ್ಲಿ ಅದೇ ಧರ್ಮ."

"ಸರಿ. ಭಾನುವಾರ?"

"ಭಾನುವಾರ ಏನು?"

ಗುರುಗಳು ಎದ್ದು ನದಿಯ ಕಡೆ ಹೋದರು.

ನಂದೀಶನ ಪಾಠದ ರೀತಿ ಹೀಗಿತ್ತು. ಬೆಳಿಗ್ಗೆ ಒಂದು ಲೆಕ್ಕ ಕೊಡುವನು. ಎಲ್ಲರೂ ಅದಕ್ಕೆ ಪ್ರೋಗ್ರಾಮು ಬರೆಯಬೇಕು. ಯಾರದಾದರೂ ನಿಂತರೆ, ತೆರೆಯ ಮೇಲೆ ಕೆಂಪು ಗೆರೆ ಬಂದರೆ, ನಂದೀಶ ಬೆನ್ನ ಹಿಂದೆ ಬಂದು ನಿಲ್ಲುವನು. "ಸ್ವಲ್ಪ ಸರಿ," ಎನ್ನುವನು. ಕೂತವರು ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಳ್ಳುವರು. ಅವನ ಬೆರಳು ಕೀಲಿಗಳ ಮೇಲೆ ಓಡುವುದು. ಗೆರೆ ಮಾಯವಾಗುವುದು. "ಅಷ್ಟೇ ನೋಡು," ಎಂದು ಮುಂದಿನವರ ಬಳಿ ಹೋಗುವನು.

ಕರುಣೆಯೇ ಅದು. ವಾರವೆಲ್ಲ ಬೈಸಿಕೊಂಡು ಬಂದವರು ಭಾನುವಾರವಾದರೂ ನಗುನಗುತ್ತ ಮನೆಗೆ ಹೋಗಲಿ ಎಂದು ಅವನ ಆಸೆ.

ಅವರಲ್ಲಿ ದಾಕ್ಷಾಯಿಣಿ ಎಂಬ ಹುಡುಗಿ ಇದ್ದಳು. ಚುರುಕು. ಎಲ್ಲರಿಗಿಂತ ಮೊದಲು ಬಂದು ಕಂಪ್ಯೂಟರುಗಳ ದೂಳು ಒರೆಸಿಡುವಳು. ಅಪ್ಪ ಇಲ್ಲ. ಅಮ್ಮನಿಗೆ ಕಣ್ಣು ಮಂಜು. ಮನೆ ನಡೆಯುತ್ತಿದ್ದುದು ಅವಳ ಹೊಲಿಗೆಯ ಸಂಬಳದಿಂದ.

"ಸರ್, ನೀವು ಹಿಂದೆ ಬಂದು ನಿಂತ್ರೆ ಸಾಕು," ಎನ್ನುತ್ತಿದ್ದಳು. "ಇದಕ್ಕೆ ಹೆದರಿಕೆಯಾಗಿ ತಾನೇ ಓಡುತ್ತೆ. ನಮ್ಮನ್ನ ಕಂಡ್ರೆ ಅದಕ್ಕೆ ಸದರ."

ಆ ವರ್ಷ ನಂದೀಶನ ಕಂಪನಿ ದೊಡ್ಡ ಓದು ಇಲ್ಲದವರನ್ನೂ ಕೆಲಸಕ್ಕೆ ತೆಗೆದುಕೊಂಡು ತರಬೇತಿ ಕೊಡುವುದೆಂದು ಗೊತ್ತಾಯಿತು. ಒಂದೇ ಸಂದರ್ಶನ. ಎದುರಿಗೆ ಕೂರಿಸಿ ಒಂದು ಪ್ರೋಗ್ರಾಮು ಕೊಡುತ್ತಾರೆ. ಅದರಲ್ಲಿರುವ ತಪ್ಪು ಹುಡುಕಬೇಕು.

ನಂದೀಶ ದಾಕ್ಷಾಯಿಣಿಯ ಹೆಸರು ಕೊಟ್ಟ.

"ನನಗೆ ಬರುತ್ತಾ ಸರ್?"

"ನೀನು ಸಿದ್ಧವಾಗಿದ್ದೀಯ. ನಾನು ಹೇಳ್ತಿದ್ದೀನಲ್ಲ."

ಮುಂದಿನ ವಾರ ಅವಳು ಬಂದಾಗ ಕೈಯಲ್ಲಿ ಸಿಹಿಯ ಪೊಟ್ಟಣವಿತ್ತು.

"ಕಾರ್ಖಾನೆ ಬಿಟ್ಟೆ ಸರ್."

"ಬಿಟ್ಟೆಯಾ? ಸಂದರ್ಶನವೇ ಆಗಿಲ್ಲವಲ್ಲ ದಾಕ್ಷಾಯಿಣಿ."

"ಸಂದರ್ಶನಕ್ಕೆ ಸೋಮವಾರ ರಜೆ ಕೊಡಲ್ಲ ಅಂದ್ರು. ಹೋಗೋದಾದ್ರೆ ಪೂರ್ತಿ ಹೋಗು ಅಂದ್ರು. ನೀವು ಸಿದ್ಧ ಅಂದ ಮೇಲೆ ಇನ್ನು ಅಲ್ಲೇನು ಸರ್? ತಗೊಳ್ಳಿ, ಬಾಯಿ ಸಿಹಿ ಮಾಡಿ."

ನಂದೀಶ ಸಿಹಿ ಬಾಯಿಗೆ ಹಾಕಿಕೊಂಡ. ಒಳಗೆ ಎಲ್ಲೋ ಚುಕ್ಕೆಯಷ್ಟು ಅಳುಕು. ಜೊತೆಗೆ, ನನ್ನ ಮಾತಿಗೆ ಇಷ್ಟು ಬೆಲೆಯೇ ಎಂಬ ಹೆಮ್ಮೆ. ಹೆಮ್ಮೆಯೇ ದೊಡ್ಡದಾಗಿತ್ತು.

ಗುರುಗಳಿಗೂ ಒಂದು ಸಿಹಿ ಹೋಯಿತು. ಅವರು ಅದನ್ನು ಕೈಯಲ್ಲೇ ಇಟ್ಟುಕೊಂಡು ಕೇಳಿದರು.

"ಅವಳು ಸಿದ್ಧವಾಗಿದ್ದಾಳೆ ಅಂದೆಯಂತೆ."

"ಹೌದು ಗುರುಗಳೇ."

"ನೀನು ಪಕ್ಕದಲ್ಲಿದ್ದಾಗಲೋ, ಇಲ್ಲದಾಗಲೋ?"

"ಪಕ್ಕದಲ್ಲೇ ಇರ್ತೀನಿ. ಸಂದರ್ಶನ ಮಾಡೋರಲ್ಲಿ ನಾನೂ ಒಬ್ಬ."

ಜ್ವರ ಬಂದವನನ್ನು ನೋಡುವ ಹಾಗೆ ಗುರುಗಳು ಅವನನ್ನು ನೋಡಿದರು.

ಸೋಮವಾರ ಬಂತು.

ಕಂಪನಿಯಲ್ಲಿ ನಂದೀಶನಿಗೆ ಮೇಲಿನವರು ವಾಸಂತಿ ಎಂಬುವರು. ಅವರಿಗೆ ಅವನು ಮೊದಲೇ ಹೇಳಿದ್ದ, ಈ ಹುಡುಗಿ ನನ್ನ ಬಳಿ ಕಲಿತವಳು ಎಂದು.

"ಇರಲಿ," ಎಂದಿದ್ದರು ವಾಸಂತಿ. "ನೀವು ಮಾತಾಡಬೇಡಿ. ನೋಡ್ತಾ ಇರಿ, ಅಷ್ಟೆ."

ದಾಕ್ಷಾಯಿಣಿ ಒಳಗೆ ಬಂದಳು. ಇಸ್ತ್ರಿ ಮಾಡಿದ ಚೂಡಿದಾರ, ತಲೆಯಲ್ಲಿ ಒಂದು ಎಳೆ ಮಲ್ಲಿಗೆ. ಅವನನ್ನು ಕಂಡದ್ದೇ ಅವಳ ಭುಜ ಸಡಿಲವಾಯಿತು. ಮನೆಯವರನ್ನು ಕಂಡ ಹಾಗೆ.

ಅವಳ ಮುಂದೆ ಒಂದು ಸಣ್ಣ ಪ್ರೋಗ್ರಾಮು ಇಟ್ಟರು. ನಂದೀಶ ಅದನ್ನು ನೋಡಿ ನೆಮ್ಮದಿಯ ಉಸಿರು ಬಿಟ್ಟ. ಕಷ್ಟದ್ದಲ್ಲ. ಇಂಥದ್ದು ಚಾವಡಿಯಲ್ಲಿ ಎಷ್ಟೋ ಸಲ ಬಂದುಹೋಗಿತ್ತು.

ಅವಳು ಓಡಿಸಿದಳು. ನಿಂತಿತು. ಕೆಂಪು ಗೆರೆ ಬಂತು.

ದಾಕ್ಷಾಯಿಣಿ ಅದನ್ನು ಒಮ್ಮೆ ಓದಿದಳು. ಆಮೇಲೆ ಕೀಲಿಗಳ ಮೇಲಿಂದ ಕೈ ತೆಗೆದಳು. ನಂದೀಶನ ಕಡೆ ತಿರುಗಿ ಸಣ್ಣಗೆ ನಕ್ಕು, ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡಳು. ಒಬ್ಬರು ಬಂದು ನಿಲ್ಲುವಷ್ಟು ಜಾಗವಾಯಿತು.

ವಾಸಂತಿಗೆ ಅರ್ಥವಾಗಲಿಲ್ಲ. "ಯಾಕಮ್ಮ, ಏನಾದರೂ ಬೇಕಾ?"

"ಇಲ್ಲ ಮೇಡಂ. ಸರ್ ಬರ್ತಾರೆ."

ನಂದೀಶ ಏಳಲಿಲ್ಲ. ಮಂಡಿಯ ಮೇಲೆ ಇಟ್ಟಿದ್ದ ಕೈ ಅಲ್ಲೇ ಇತ್ತು.

ಅವಳು ಕಾದಳು. ಅವನ ಮುಖ ನೋಡಿದಳು. ಮತ್ತೆ ಕಾದಳು. ಕೊನೆಗೆ ಕುರ್ಚಿಯನ್ನು ಸದ್ದಾಗದಂತೆ ಮೊದಲಿದ್ದ ಜಾಗಕ್ಕೆ ತಂದು, ಕೀಲಿಗಳ ಮೇಲೆ ಬೆರಳಿಟ್ಟಳು. ಯಾವ ಕೀಲಿಯನ್ನೂ ಒತ್ತಲಿಲ್ಲ. ಹಾಗೇ ಇಟ್ಟುಕೊಂಡು ಕೂತಿದ್ದಳು, ಹೊತ್ತು ಮುಗಿಯಿತು ಎಂದು ಅವರು ಹೇಳುವತನಕ.

ಅವಳು ಹೊರಗೆ ಹೋದ ಮೇಲೆ ವಾಸಂತಿ ಅಂದರು, "ನಿಮ್ಮ ಶಿಷ್ಯೆ. ನೀವೇ ಹೇಳಿ. ತಗೊಳ್ಳೋಣವೋ ಬೇಡವೋ?"

ಕೆಲಸಕ್ಕೆ ಸೇರಿದರೆ ಅವಳ ಪಕ್ಕದಲ್ಲಿ ದಿನವೂ ನಿಲ್ಲಲು ಯಾರಿದ್ದಾರೆ? ವಾರದೊಳಗೆ ಅವಳು ಎಲ್ಲರೆದುರು ಬೀಳುತ್ತಾಳೆ. ಅದು ನಂದೀಶನಿಗೆ ಸ್ಪಷ್ಟವಾಗಿ ಕಂಡಿತು.

"ಬೇಡ," ಎಂದ.

ಸಂಜೆ ಅವನು ಹೊರಟಾಗ ಗೇಟಿನ ಬಳಿ ದಾಕ್ಷಾಯಿಣಿ ನಿಂತಿದ್ದಳು. ಮಲ್ಲಿಗೆ ಬಾಡಿತ್ತು.

"ಆಗಲಿಲ್ಲ ಅಲ್ವಾ ಸರ್?"

"ಆಗಲಿಲ್ಲ."

"ನೀವೇ ಬೇಡ ಅಂದ್ರಾ?"

ಸುಳ್ಳು ಹೇಳಲು ಅವನ ನಾಲಗೆ ಹೊರಳಲಿಲ್ಲ. "ಹೂಂ."

ಅವಳು ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದಳು.

"ಊಟ ಮಾಡಿದ್ರಾ ಸರ್?" ಎಂದು ಕೇಳಿದಳು.

ಬಸ್ಸು ಬಂತು. ಹತ್ತಿಕೊಂಡಳು. ಆಮೇಲೆ ಭಾನುವಾರಗಳು ಬಂದವು, ಅವಳು ಬರಲಿಲ್ಲ.

ನಂದೀಶ ಗುರುಗಳ ಬಳಿ ಹೋದ. ನಡೆದದ್ದನ್ನೆಲ್ಲ ಹೇಳಿದ. ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡದ್ದನ್ನು ಎರಡು ಸಲ ಹೇಳಿದ.

"ಒಂದನ್ನು ಬಿಟ್ಟುಬಿಡ್ತೀನಿ ಗುರುಗಳೇ. ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿ ನನ್ನದು. ಕೆಲಸ ಬಿಟ್ಟು ಪಾಠಕ್ಕೆ ಬರಲೋ, ಪಾಠ ಬಿಟ್ಟು ಕೆಲಸದಲ್ಲಿ ಇರಲೋ, ನೀವೇ ಹೇಳಿ."

"ನೀನು ಸುಳ್ಳು ಹೇಳಿದ್ದು ಯಾವತ್ತು? ಸೋಮವಾರವೋ, ಭಾನುವಾರವೋ?"

"ಭಾನುವಾರ."

"ಗೊತ್ತಿದ್ದೂ ಹೇಳಿದೆಯಾ?"

"ಇಲ್ಲ. ಅವಳಿಗೆ ಬರೋದಿಲ್ಲ ಅಂತ ನನಗೆ ಗೊತ್ತಿರಲಿಲ್ಲ."

"ಯಾಕೆ ಗೊತ್ತಿರಲಿಲ್ಲ?"

ಗುರುಗಳು ಒಳಗಿನಿಂದ ಒಂದು ಹೊರೆ ಮುತ್ತುಗದ ಎಲೆ, ಒಂದು ಹಿಡಿ ಕಡ್ಡಿ ತಂದು ಅವನ ಮುಂದೆ ಹಾಕಿದರು. "ಮಧ್ಯಾಹ್ನದ ಊಟಕ್ಕೆ ಎಲೆ ಹಚ್ಚು."

"ನನಗೆ ಬರೋದಿಲ್ಲ ಗುರುಗಳೇ."

"ಗೊತ್ತು."

ಅಡುಗೆಯ ನಿಂಗಮ್ಮ ಬಾಗಿಲಿಂದ ಇಣುಕಿದಳು. "ಕಂಪ್ಯೂಟ್ರು ಮೇಷ್ಟ್ರು ಎಲೆ ಹಚ್ತಾವ್ರಾ? ಹಂಗಾದ್ರೆ ಇವತ್ತು ಎಲ್ಲಾರ್ಗೂ ಅಂಗೈ ಮೇಲೇ ಅನ್ನ."

ನಂದೀಶ ಎಲೆಗೆ ಎಲೆ ಸೇರಿಸಿ ಕಡ್ಡಿ ಚುಚ್ಚಿದ. ಎಲೆ ಸೀಳಿತು. ಇನ್ನೊಂದು ತೆಗೆದುಕೊಂಡ. ಕಡ್ಡಿ ಮುರಿಯಿತು. ಗುರುಗಳು ಎದುರಿಗೇ ಕೂತು ನೋಡುತ್ತಿದ್ದರು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಿದ್ದರು.

"ಕೈ ಮೇಲೆ ಯಾಕೆ ಕೂತಿದ್ದೀರಿ ಗುರುಗಳೇ?"

"ಹೊರಗೆ ಬಿಟ್ಟರೆ ಓಡಿಬರುತ್ತವೆ."

ಊಟದ ಹೊತ್ತಿಗೆ ಅವನು ಹೇಗೋ ಎಲೆಗಳನ್ನು ಜೋಡಿಸಿದ್ದ. ಗುರುಗಳು ಅವುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದನ್ನು ಹುಡುಕಿ ತಮ್ಮ ಮುಂದೆ ಹಾಕಿಕೊಂಡರು. ನಿಂಗಮ್ಮ ಅನ್ನ ಬಡಿಸಿ ಸಾರು ಬಿಟ್ಟಳು. ಸಾರು ಸಂದಿಯಿಂದ ಇಳಿದು ನೆಲದ ಮೇಲೆ ಹರಿಯಿತು. ಗುರುಗಳ ಪಂಚೆ ತೋಯಿತು. ಅವರು ಪಂಚೆಯನ್ನೂ ಸರಿಸಿಕೊಳ್ಳಲಿಲ್ಲ, ಬೇರೆ ಎಲೆಯನ್ನೂ ಕೇಳಲಿಲ್ಲ. ಉಳಿದ ಬರಿಯ ಅನ್ನವನ್ನು ನಿಧಾನವಾಗಿ ಉಣ್ಣುತ್ತಿದ್ದರು.

ನಂದೀಶನಿಗೆ ನೋಡಲಾಗಲಿಲ್ಲ. "ನಾನು ಹಚ್ಚುವಾಗ ನೀವು ಆ ಸಂದಿಗೆ ಒಂದು ಕಡ್ಡಿ ಚುಚ್ಚಿದ್ದರೆ ಸರಿಹೋಗುತ್ತಿತ್ತು ಗುರುಗಳೇ."

"ಹೌದು," ಎಂದರು ಗುರುಗಳು. "ಊಟ ಸರಿಹೋಗುತ್ತಿತ್ತು."

ನಂದೀಶನ ಕೈಯ ತುತ್ತು ಎಲೆಗೆ ಇಳಿಯಿತು. ಅವನು ತಲೆ ಬಗ್ಗಿಸಿ ಕೂತ. ನಿಂಗಮ್ಮ ಇನ್ನೊಂದು ಸುತ್ತು ಬಂದವಳು ಅವನ ಮುಖ ನೋಡಿ, ಏನೂ ಬಡಿಸದೆ ಮುಂದೆ ಹೋದಳು.

ಕೈ ತೊಳೆಯುವಾಗ ಗುರುಗಳು ಕೇಳಿದರು, "ಅವಳು ಈಗ ಎಲ್ಲಿದ್ದಾಳೆ?"

"ಕಾರ್ಖಾನೆಯವರು ಮತ್ತೆ ಸೇರಿಸಿಕೊಳ್ಳಲಿಲ್ಲವಂತೆ. ಅವರ ಊರಿನ ಬಸ್‌ಸ್ಟ್ಯಾಂಡಿನ ಹತ್ತಿರ ಯಾವುದೋ ಜೆರಾಕ್ಸ್ ಅಂಗಡಿಯಲ್ಲಿ ಇದ್ದಾಳೆ ಅಂತ ಹುಡುಗರು ಹೇಳಿದರು."

"ಹೋಗಿಬಾ."

"ಹೋಗಿ ಏನು ಹೇಳಲಿ?"

"ಹೇಳೋದು ನಿನಗೆ ಬರುತ್ತೆ. ಹೋಗಿ ನೋಡು."

ಮುಂದಿನ ಶನಿವಾರ ನಂದೀಶ ರಜೆ ಹಾಕಿ ಹೋದ.

ಅಂಗಡಿ ಸಣ್ಣದು. ಒಂದು ಜೆರಾಕ್ಸ್ ಯಂತ್ರ, ಒಂದು ಕಂಪ್ಯೂಟರ್, ಅರ್ಜಿ ತುಂಬಿಸಲು ಬಂದವರ ಸಾಲು. ಪಿಂಚಣಿಯವರು, ಪಹಣಿಯವರು, ವಿದ್ಯಾರ್ಥಿವೇತನದವರು. ಕಂಪ್ಯೂಟರಿನ ಮುಂದೆ ದಾಕ್ಷಾಯಿಣಿ.

ಅವನನ್ನು ಕಂಡು ಅವಳು ಎದ್ದು ನಿಂತಳು. ಸಿಟ್ಟಿರಲಿಲ್ಲ. ಅದನ್ನೇ ಅವನು ಮೊದಲು ಹುಡುಕಿದ್ದು, ಸಿಕ್ಕಲಿಲ್ಲ.

"ಬನ್ನಿ ಸರ್, ಕೂತ್ಕೊಳ್ಳಿ." ಸ್ಟೂಲು ಎಳೆದು ಹಾಕಿದಳು. ಎದುರಿನ ಹೋಟೆಲಿಗೆ ಕೂಗಿ ಟೀ ಹೇಳಿದಳು.

"ನನ್ನದು ತಪ್ಪಾಯಿತು ದಾಕ್ಷಾಯಿಣಿ."

"ನಿಮ್ಮದೇನು ತಪ್ಪು ಸರ್? ನೀವು ಕಲಿಸಿದ್ರಿ. ನನ್ನ ತಲೆಗೆ ಹತ್ತಲಿಲ್ಲ."

"ಹಾಗಲ್ಲ. ನಾನು ಕಲಿಸಲೇ ಇಲ್ಲ."

"ಬಿಡಿ ಸರ್, ನೀವು ದೊಡ್ಡವರು, ಹಂಗೆ ಅಂತೀರಿ. ನಿಮ್ಮ ಜೊತೆ ಇದ್ದಾಗ ಎಲ್ಲಾ ಬರ್ತಿತ್ತು. ನಾನೊಬ್ಬಳೇ ಆದಾಗ ಬರಲಿಲ್ಲ. ಅಂದ್ರೆ ನನ್ನಲ್ಲೇ ಇಲ್ಲ ಅಂತ ಅಲ್ವಾ?" ಹವಾಮಾನದ ಸುದ್ದಿ ಹೇಳುವ ಹಾಗೆ ಹೇಳಿದಳು.

"ಮತ್ತೆ ಪಾಠಕ್ಕೆ ಬಾ. ಈ ಸಲ ಬೇರೆ ಥರ ಕಲಿಯೋಣ."

"ಬೇಡ ಸರ್. ಭಾನುವಾರವೂ ಅಂಗಡಿ ಇರುತ್ತೆ. ಅಮ್ಮನ ಕಣ್ಣಿನ ಆಪರೇಷನ್ನೂ ಆಗಬೇಕು."

ಸಾಲಿನಲ್ಲಿ ಮುಂದೆ ಒಬ್ಬ ಕಾಲೇಜು ಹುಡುಗಿ ಇದ್ದಳು. ವಿದ್ಯಾರ್ಥಿವೇತನದ ಅರ್ಜಿ. "ಅಕ್ಕ, ನಾನೇ ಟೈಪ್ ಮಾಡಲಾ?" ಎಂದು ಕೇಳಿ ಕೂತಳು. ಒಂದೊಂದೇ ಬೆರಳಿನಿಂದ ಒತ್ತಿದಳು. ಎಲ್ಲೋ ತಪ್ಪಾಯಿತು. ಕೆಂಪು ಅಕ್ಷರ ಬಂತು. ಹುಡುಗಿ ಹುಬ್ಬು ಗಂಟಿಕ್ಕಿ ಅದನ್ನು ಓದತೊಡಗಿದಳು.

"ಸ್ವಲ್ಪ ಸರಿ ಪುಟ್ಟಿ," ಎಂದಳು ದಾಕ್ಷಾಯಿಣಿ.

ಹುಡುಗಿ ಸರಿದಳು. ದಾಕ್ಷಾಯಿಣಿಯ ಬೆರಳು ಓಡಿತು. ಕೆಂಪು ಹೋಯಿತು.

"ಅಷ್ಟೇ ನೋಡು."

"ಏನು ತಪ್ಪಾಗಿತ್ತಕ್ಕ?"

"ಆಯ್ತಲ್ಲ, ಇನ್ನೇನು? ಹೋಗು, ಬಸ್ಸು ತಪ್ಪುತ್ತೆ."

ಹುಡುಗಿ ನಗುತ್ತ ಹೋದಳು. ದಾಕ್ಷಾಯಿಣಿ ನಂದೀಶನ ಕಡೆ ತಿರುಗಿದಳು. ಅಷ್ಟು ಹೊತ್ತೂ ಅವಳ ಮುಖದಲ್ಲಿ ಅವನು ಕಾಣದಿದ್ದ ಬೆಳಕು ಆಗ ಬಂತು.

"ಎಲ್ಲಾ ನೀವು ಮಾಡ್ತಿದ್ದ ಹಂಗೇ ಸರ್. ನಮ್ಮ ಅಂಗಡಿಗೆ ಬಂದೋರು ಯಾರೂ ಆಗಲಿಲ್ಲ ಅಂತ ವಾಪಸ್ ಹೋಗಲ್ಲ."

ಟೀ ಬಂತು. ನಂದೀಶನಿಗೆ ಅದನ್ನು ಕುಡಿಯಲಾಗಲಿಲ್ಲ. ಅವಳು ಬೇಸರ ಮಾಡಿಕೊಂಡಾಳೆಂದು ಕುಡಿದ.

ಮರುದಿನ ಭಾನುವಾರ. ಅವನು ಆಶ್ರಮಕ್ಕೆ ಬಂದಾಗ ಗುರುಗಳು ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಅವನೂ ಒಂದು ಮೆಟ್ಟಿಲು ಕೆಳಗೆ ಕೂತ.

"ಸಿಕ್ಕಿದಳಾ?"

"ಸಿಕ್ಕಿದಳು."

"ಬೈದಳಾ?"

"ಇಲ್ಲ. ಟೀ ಕೊಡಿಸಿದಳು."

ಗುರುಗಳು ಕಣ್ಣು ಮುಚ್ಚಿಕೊಂಡರು.

"ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು ಗುರುಗಳೇ. ಅವಳು ದಡ್ಡಿ ಅಂತ ಅವಳೇ ನಂಬಿಕೊಂಡುಬಿಟ್ಟಿದ್ದಾಳೆ."

"ಅಲ್ಲ ಅಂತ ಹೇಳಿದೆಯಾ?"

"ಹೇಳಿದೆ. ನಂಬಲಿಲ್ಲ. ಸಿದ್ಧ ಅಂದವನೂ ನಾನೇ, ಬೇಡ ಅಂದವನೂ ನಾನೇ. ಇನ್ನು ನನ್ನ ಮಾತನ್ನು ಯಾಕೆ ನಂಬ್ತಾಳೆ?"

ನೀರಿನ ಮೇಲೆ ಒಂದು ಹಕ್ಕಿ ಮುಳುಗಿ ಎದ್ದಿತು.

"ಬರ್ತಾಳಂತಾ?"

"ಬರೋದಿಲ್ಲ." ನಂದೀಶ ಹೇಳಿದ, "ನನ್ನಿಂದ ಅವಳು ಒಂದನ್ನು ಮಾತ್ರ ಚೆನ್ನಾಗಿ ಕಲಿತಿದ್ದಾಳೆ ಗುರುಗಳೇ."

"ಏನನ್ನು?"

ಅಂಗಡಿಯಲ್ಲಿ ಕಂಡದ್ದನ್ನು ಹೇಳಿದ. ಅವಳ ಬಾಯಲ್ಲಿ ತನ್ನದೇ ಮಾತು ಕೇಳಿದ್ದನ್ನು ಹೇಳಿದ. ಆ ಕಾಲೇಜು ಹುಡುಗಿ ನಗುತ್ತ ಹೋದದ್ದನ್ನೂ ಹೇಳಿದ.

ಗುರುಗಳಿಗೆ ಒಮ್ಮೆಲೇ ಬಹಳ ವಯಸ್ಸಾದ ಹಾಗೆ ಕಂಡಿತು.

ಚಾವಡಿಯ ಕಡೆಯಿಂದ ಚಪ್ಪಲಿ ಬಿಡುವ ಸದ್ದು, ಕುರ್ಚಿ ಎಳೆಯುವ ಸದ್ದು. ಯಾರೋ ಯಾರನ್ನೋ ಛೇಡಿಸಿ ನಗುತ್ತಿದ್ದರು.

"ಕಂಪನಿಯಲ್ಲಿ ತಪ್ಪು ಮಾಡಿದರೆ ಹಿಂದಕ್ಕೆ ತಿರುಗಿಸಬಹುದು ಗುರುಗಳೇ," ಎಂದ ನಂದೀಶ. "ನಿನ್ನೆ ಹೇಗಿತ್ತೋ ಹಾಗೇ ಇಟ್ಟುಬಿಡಬಹುದು. ಏನೂ ಆಗಲೇ ಇಲ್ಲ ಅನ್ನೋ ಹಾಗೆ."

"ಇಲ್ಲಿ?"

"ಇಲ್ಲಿ ಆಗೋದಿಲ್ಲ."

"ಇದು ಮೊದಲು ಗೊತ್ತಿರಲಿಲ್ಲವಾ?"

"ಗೊತ್ತಿತ್ತು. ಹೆದರಿಕೆ ಇರಲಿಲ್ಲ." ಅವನ ದನಿ ಇಳಿದಿತ್ತು. "ಈಗ ಆ ಚಾವಡಿಗೆ ಕಾಲಿಡೋಕೆ ಹೆದರಿಕೆಯಾಗ್ತಿದೆ. ಬಾಯಿ ತೆರೆಯೋಕೆ ಹೆದರಿಕೆ. ಇನ್ನು ಪಾಠ ಬೇಡ ಅಂತ ನಿಮಗೆ ಹೇಳಿ ಹೋಗೋಣ ಅಂತಲೇ ಬಂದೆ."

"ತುಂಬ ಹೆದರಿಕೆಯಾ?"

"ತುಂಬ ಗುರುಗಳೇ."

"ಹಾಗಾದರೆ ಪಾಠಕ್ಕೆ ಹೋಗು. ಅವರು ಬಂದು ಕೂತಿದ್ದಾರೆ."